ಹಳೆಯ ರಿಂಗು

"ಬುದ್ಧಿ, ದೇವರ ಮುಂದೆ ಆಣೆ ಮಾಡಿ ರಾಜಿಯಾದ ಮೇಲೂ ಜಗಳ ಯಾಕೆ ಮತ್ತೆ ಮತ್ತೆ ಬರುತ್ತೆ?"

ಪ್ರಶ್ನೆ ಮಠದ ಜೀಪಿನ ಕೆಳಗಿನಿಂದ ಬಂತು. ಕೇಳಿದವನು ಮರುಳಸಿದ್ಧ. ಮಠದ ಶಿಷ್ಯನೂ ಅವನೇ, ಜೀಪಿನ ಡ್ರೈವರೂ ಅವನೇ. ಅಂಗಾತ ಮಲಗಿ ಎಂಜಿನ್ನಿನ ಹಳೆಯ ಆಯಿಲ್ ಇಳಿಸುತ್ತಿದ್ದ. ಗುರುಗಳು ಬೇವಿನ ಮರದ ಕಟ್ಟೆಯ ಮೇಲೆ ಕುಳಿತಿದ್ದರು.

"ಗುರುವನ್ನು ಮುಖ ತೋರಿಸಿ ಕೇಳಬೇಕಪ್ಪ. ನೀನು ಕಾಲು ತೋರಿಸಿ ಕೇಳುತ್ತಿದ್ದೀಯೆ," ಎಂದರು.

ಮರುಳಸಿದ್ಧ ನಾಚಿಕೊಂಡು ತೆವಳಿ ಹೊರಗೆ ಬಂದ. ಕೈಯಲ್ಲಿ ಬಿಚ್ಚಿದ ಆಯಿಲ್ ಫಿಲ್ಟರ್ ಇತ್ತು. ಅದರ ಬಾಯಿಯನ್ನು ತಿರುಗಿಸಿ ನೋಡಿದ. ಆಯಿಲ್ ಸೋರದಂತೆ ಬಾಯಿಯ ಸುತ್ತ ಇರಬೇಕಾದ ರಬ್ಬರ್ ರಿಂಗು ಇರಲಿಲ್ಲ. ಮತ್ತೆ ಒಳಗೆ ನುಗ್ಗಿ, ಎಂಜಿನ್ನಿಗೆ ಅಂಟಿಕೊಂಡಿದ್ದ ರಿಂಗನ್ನು ಉಗುರಿನಿಂದ ಎಬ್ಬಿಸಿ ತಂದು ಕಟ್ಟೆಯ ಅಂಚಿನಲ್ಲಿಟ್ಟ. ಅದು ಕೂತಿದ್ದ ಜಾಗವನ್ನು ಬಟ್ಟೆಯಿಂದ ಒರೆಸಿದ. ಹೊಸ ಫಿಲ್ಟರಿನ ರಿಂಗಿಗೆ ಬೆರಳಿನಿಂದ ಹೊಸ ಆಯಿಲ್ ಸವರಿ ಕೈಯಲ್ಲೇ ತಿರುಗಿಸಿ ಕೂರಿಸಿದ. ಕೂತ ಮೇಲೆ ಇನ್ನು ಮುಕ್ಕಾಲು ಸುತ್ತು ಕೊಟ್ಟು ಕೈಬಿಟ್ಟ. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ತನ್ನ ಸಂಕಟ ಹೇಳುತ್ತಿತ್ತು.

ಅವನಿಗೊಬ್ಬ ಅಣ್ಣ. ಇಬ್ಬರಿಗೂ ಸೇರಿ ಒಂದು ಬಾವಿ. ನೀರಿನ ಸರದಿಗೆ ಮೊದಲ ಜಗಳ ಹುಟ್ಟಿತು. ಹಿರಿಯರು ಕೂರಿಸಿ, ಕೈಯಲ್ಲಿ ವಿಭೂತಿ ಹಿಡಿಸಿ ಆಣೆ ಮಾಡಿಸಿದರು. ಒಂದು ತಿಂಗಳು ನೆಟ್ಟಗಿತ್ತು. ಆಮೇಲೆ ಬೇಲಿಯ ನೆಪಕ್ಕೆ ಮತ್ತೆ ಹತ್ತಿಕೊಂಡಿತು. ಈ ಸಲ ಮಠದ ಗದ್ದುಗೆಯ ಮುಂದೆಯೇ ಆಣೆಯಾಯಿತು. ನಿನ್ನೆ ಅಣ್ಣ ಮಗಳ ಮದುವೆಗೆ ಕರೆಯಲು ಬಂದಿದ್ದ. ಕುಂಕುಮ ಕೊಟ್ಟು, "ಈ ಸಲನಾದ್ರೂ ಹೊತ್ತಿಗೆ ಸರಿಯಾಗಿ ಬಾ," ಎಂದ. ಅಷ್ಟಕ್ಕೇ ಮರುಳಸಿದ್ಧನ ಮೈ ಉರಿದುಹೋಯಿತು. ಬಾಯಿಗೆ ಬಂದದ್ದು ಆಡಿದ. ಅಣ್ಣ ನೀರು ಕೂಡ ಕುಡಿಯದೆ ಎದ್ದು ಹೋದ.

"ಆ ಹುಡುಗೀನ ಹೆಗಲ ಮೇಲೆ ಹೊತ್ತು ಬೆಳೆಸಿದೋನು ನಾನು. ನಾಳಿದ್ದು ಧಾರೆ. ಹೋಗ್ದಿದ್ರೆ ಈ ಜೀವ ತಡೆಯಲ್ಲ. ಹೋದ್ರೆ ಚಪ್ಪರದಲ್ಲೇ ಜಗಳ ಆದೀತು ಅಂತ ಭಯ. ನೀವೇ ಇಬ್ಬರನ್ನೂ ಕೂರಿಸಿ ಇನ್ನೂ ಬಿಗಿಯಾದ ಆಣೆ ಹಾಕಿಸಿ ಬುದ್ಧಿ. ಮುರಿದೋನ ವಂಶವೇ ನಿಲ್ಲಬಾರದು, ಅಂಥಾದ್ದು."

ಒಂದು ಮಾತನ್ನು ಮಾತ್ರ ಅವನು ಹೇಳಲಿಲ್ಲ. ಅವನು ಹೇಳದಿದ್ದರೂ ಊರಿಗೆಲ್ಲ ಗೊತ್ತಿತ್ತು. ಅಪ್ಪ ತೀರಿಕೊಂಡ ದಿನ ಮರುಳಸಿದ್ಧ ದೂರದ ಹಾದಿಯಲ್ಲಿದ್ದ. ಸುದ್ದಿ ತಿಳಿದು ಓಡೋಡಿ ಬಂದ. ಅಷ್ಟರಲ್ಲಿ ಅಣ್ಣ ಮಣ್ಣು ಮಾಡಿಸಿಬಿಟ್ಟಿದ್ದ. ತಮ್ಮನಿಗೆ ಅಪ್ಪನ ಮುಖ ಸಿಗಲಿಲ್ಲ, ಹಸಿ ಮಣ್ಣಿನ ದಿಬ್ಬ ಸಿಕ್ಕಿತು. ಆ ವಿಷಯ ಯಾರಾದರೂ ಎತ್ತಿದರೆ, "ಅದು ಮುಗಿದ ಮಾತು, ಬಿಡಿ," ಎನ್ನುತ್ತಿದ್ದ.

ಮರುಳಸಿದ್ಧ ಹೊಸ ಆಯಿಲ್ ಸುರಿದು, ಎಂಜಿನ್ ಚಾಲೂ ಮಾಡಿ, ಕೆಳಗೆ ಇಣುಕಿ, ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳುವವರೆಗೆ ಗುರುಗಳು ಕಾದರು. ಆಮೇಲೆ ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕಾರಿನವನಿದ್ದ. ಬಾಡಿಗೆಗೆ ಓಡಿಸುತ್ತಿದ್ದ. ಆಯುಧ ಪೂಜೆಯ ಬೆಳಿಗ್ಗೆ ಕಾರಿಗೆ ಹೊಸ ಆಯಿಲ್, ಹೊಸ ಫಿಲ್ಟರ್ ಹಾಕುವುದು ಅವನ ಪದ್ಧತಿ. ಆ ವರ್ಷ ಏಳುವುದೇ ತಡವಾಯಿತು. ಸ್ಪ್ಯಾನರುಗಳನ್ನೆಲ್ಲ ತೊಳೆದು ಪೂಜೆಗೆ ಇಡಬೇಕು. ಇಟ್ಟ ಮೇಲೆ ಆ ದಿನ ಮುಟ್ಟುವ ಹಾಗಿಲ್ಲ. ಅವಸರದಲ್ಲಿ ಹಳೆಯ ಫಿಲ್ಟರ್ ಬಿಚ್ಚಿ ಎಸೆದ, ಹೊಸದನ್ನು ತಿರುಗಿಸಿದ. ಎಂಜಿನ್ ಚಾಲೂ ಮಾಡಿದ. ಒಂದು ಹನಿಯೂ ಬೀಳಲಿಲ್ಲ. ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಪೂಜೆ ಮುಗಿಸಿದ.

ಮರುದಿನ ಕಾರು ನಿಂತ ಜಾಗದಲ್ಲಿ ಕಪ್ಪು ಹನಿ ಕಂಡಿತು. ಯಾರದೋ ಕಣ್ಣು ತಾಗಿದೆ ಎಂದುಕೊಂಡು ಮುಂದೆ ಮೆಣಸಿನಕಾಯಿ ಕಟ್ಟಿದ. ಹನಿಗೆ ಮೆಣಸಿನಕಾಯಿಯ ಭಯವೇನು, ಬೀಳುತ್ತಲೇ ಇತ್ತು. ಫಿಲ್ಟರಿನ ಸುತ್ತ ಬೆಲ್ಟಿನ ಪಟ್ಟಿ ಸುತ್ತಿ, ತಿರುಗಿಸಿ ಬಿಗಿದ. ಒಂದು ದಿನ ನಿಂತಿತು. ಮತ್ತೆ ಬಂತು. ಇನ್ನೂ ಬಿಗಿದ. ಫಿಲ್ಟರಿನ ತಗಡು ನೆಗ್ಗಿತು.

ಅವನ ಹೆಂಡತಿ ಇದನ್ನೆಲ್ಲ ನೋಡುತ್ತಿದ್ದಳು. "ಬಿಗಿಯೋದು ಬಿಟ್ಟು ಒಂದ್ಸಲ ಬಿಚ್ಚಿ ನೋಡಬಾರದಾ?" ಎಂದಳು.

"ಪೂಜೆ ಮಾಡಿ ಕುಂಕುಮ ಇಟ್ಟದ್ದನ್ನ ಯಾರಾದ್ರೂ ಬಿಚ್ತಾರೇನೆ? ಹಳೇದು ತೆಗೆದಾಯ್ತು, ಹೊಸದು ಹಾಕಾಯ್ತು. ಬಿಚ್ಚಿ ನೋಡೋಕೆ ಅಲ್ಲೇನಿದೆ?" ಎಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ.

ಒಂದು ಮಧ್ಯಾಹ್ನ ಪಕ್ಕದ ಮನೆಯ ಬಸುರಿಗೆ ನೋವು ಶುರುವಾಯಿತು. ಕಾರಿನವನು ಒಳ್ಳೆಯವನು. ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದ. ಅವಳನ್ನೂ ಅವಳ ತಾಯಿಯನ್ನೂ ಕೂರಿಸಿಕೊಂಡು ಆಸ್ಪತ್ರೆಯ ಕಡೆ ಹೊರಟ. ಏರುದಾರಿಯಲ್ಲಿ ಎಂಜಿನ್ ಜೋರು ಮಾಡಿದ. ಸ್ಟಿಯರಿಂಗಿನ ಮುಂದೆ, ಆಯಿಲ್ ಇಳಿದರೆ ಹತ್ತುವ ಕೆಂಪು ದೀಪ ಹತ್ತಿತು. ಹಿಂದಿನ ಸೀಟಿನಲ್ಲಿ ಅವಳು ಕೂಗುತ್ತಿದ್ದಳು. ನಿಲ್ಲಿಸಲು ಮನಸ್ಸು ಬರಲಿಲ್ಲ. ಏರು ಮುಗಿಯುವ ಮುಂಚೆ ಫಿಲ್ಟರಿನ ಬಾಯಿಂದ ಆಯಿಲೆಲ್ಲ ರಸ್ತೆಗೆ ಸುರಿದುಹೋಯಿತು. ಎಂಜಿನ್ ಕಿರುಗುಟ್ಟಿ ಕಚ್ಚಿಕೊಂಡು ನಿಂತಿತು.

ಪುಣ್ಯಕ್ಕೆ ಹಿಂದೆ ಒಂದು ಹಾಲಿನ ವ್ಯಾನ್ ಬರುತ್ತಿತ್ತು. ಅವರನ್ನು ಹತ್ತಿಸಿಕೊಂಡು ಹೋಯಿತು. ತಾಯಿ ಮಗು ಉಳಿದರು, ಎಂಜಿನ್ ಉಳಿಯಲಿಲ್ಲ. ಕಾರಿನವನು ರಸ್ತೆಯ ಮೇಲೆಯೇ ಫಿಲ್ಟರ್ ಬಿಚ್ಚಿದ. ಕೈಯಿಟ್ಟು ಒಳಗೆ ತಡವಿದ. ಅಲ್ಲೇ ಕುಸಿದು ಕುಳಿತು ಅತ್ತ.

ಗುರುಗಳು ಕತೆಯನ್ನು ಇಲ್ಲಿ ನಿಲ್ಲಿಸಿದರು. "ಅವನ ಕೈಗೆ ಏನು ಸಿಕ್ಕಿರಬೇಕು, ಹೇಳು," ಎಂದರು.

ಮರುಳಸಿದ್ಧನಿಗೆ ತಡೆಯಲಾಗಲಿಲ್ಲ. "ಇನ್ನೇನು ಬುದ್ಧಿ, ಹಳೇ ರಿಂಗು! ಫಿಲ್ಟರ್ ಜೊತೆ ಬರದೆ ಎಂಜಿನ್ನಿಗೇ ಅಂಟಿಕೊಂಡಿದೆ. ಅದರ ಮೇಲೆ ಹೊಸದನ್ನ ಕೂರಿಸಿದಾನೆ. ರಿಂಗಿನ ಮೇಲೆ ರಿಂಗು ಎಲ್ಲಾದ್ರೂ ಕೂರತ್ತಾ? ಬಿಗಿದಷ್ಟೂ ಜಾರತ್ತೆ. ಹೊಸದರಲ್ಲಿ ಏನೂ ತಪ್ಪಿಲ್ಲ, ಬಿಗಿತದಲ್ಲೂ ತಪ್ಪಿಲ್ಲ. ಹಳೇದು ಬಂತಾ ಅಂತ ಒಂದ್ಸಲ ನೋಡಿದ್ರೆ ಸಾಕಿತ್ತು. ಅಂಥಾ ಪೆದ್ದನ ಕೈಗೆ ಬಂಡಿ ಕೊಟ್ಟೋರು ಯಾರು?"

"ಸರಿಯಾಗಿ ಹೇಳಿದೆ," ಎಂದರು ಗುರುಗಳು. ಕಟ್ಟೆಯ ಅಂಚಿನಲ್ಲಿದ್ದ ಹಳೆಯ ರಿಂಗನ್ನು ಎತ್ತಿ ಅವನ ಅಂಗೈಯಲ್ಲಿಟ್ಟರು.

"ಮರುಳಸಿದ್ಧ, ಅಪ್ಪನ ಮುಖ ನೋಡಲು ನನಗಾಗಿ ಯಾಕೆ ಕಾಯಲಿಲ್ಲ ಎಂದು ನಿನ್ನ ಅಣ್ಣನನ್ನು ಒಂದು ಸಲವಾದರೂ ಕೇಳಿದ್ದೀಯಾ?"