ಅಂಚಿನ ಜಗುಲಿ

"ಕೆರೆಗೆ ಯಾವ ಕಡೆ ಹೋಗಬೇಕಪ್ಪ?" ದಾರಿ ತಪ್ಪಿದ್ದ ಆಮೆಯಮ್ಮ ಕಾಲುವೆ ಏರಿಯ ಮೇಲಿದ್ದ ಹೆಗ್ಗಣಪ್ಪನನ್ನು ಕೇಳಿದಳು.

"ದಾರಿ ಆಮೇಲೆ ಹೇಳೋಣ. ಬೆಳಿಗ್ಗೆ ಅಂಗಾತ ಬಿದ್ದು ಕಾಲು ಬಡಿಯುತ್ತಿದ್ದ ನಿಮ್ಮನ್ನು ಮಗುಚಿ ನಿಲ್ಲಿಸಿದವನು ನಾನೇ ತಾನೆ? ಆ ಋಣ ತೀರಿಸಿ. ಇವತ್ತು ನನ್ನ ಗೃಹಪ್ರವೇಶ. ಹೊಸ ಜಗುಲಿಯ ಮೇಲೆ ಮೊದಲು ಅತಿಥಿ ಕೂರಬೇಕು, ಅದು ನಮ್ಮ ಕುಲದ ಪದ್ಧತಿ."

ಜಗುಲಿಯೆಂದರೆ ಒಂದು ಚಪ್ಪಟೆ ಕಲ್ಲು. ಹೋಗಿಬರುವವರಿಗೆಲ್ಲ ತಾನು ಕಾಣಲೆಂದು ಅದನ್ನು ಇಳಿಜಾರಿನ ಅಂಚಿಗೇ ಹಾಸಿದ್ದ.

"ಭಾರ ಬಿದ್ದರೆ ಮಣ್ಣು ಪಕ್ಕಕ್ಕೆ ಜರುಗಲು ನೋಡುತ್ತದೆ. ಬಯಲಲ್ಲಾದರೆ ಸುತ್ತಲಿನ ಮಣ್ಣು ಅದನ್ನು ಒತ್ತಿ ಹಿಡಿಯುತ್ತದೆ. ಇಲ್ಲಿ ಈ ಕಡೆ ಹಿಡಿಯಲು ಇರುವುದು ಬರೀ ಗಾಳಿ," ಎಂದಳು ಆಮೆಯಮ್ಮ.

"ಅಲ್ಲಿ ಬಯಲಲ್ಲಿ ಇದೇ ಮಣ್ಣಿನ ಮೇಲೆ ಎಮ್ಮೆ ಮಲಗಿದೆ. ನೀವೇನು ಎಮ್ಮೆಗಿಂತ ಭಾರವೇ?"

ತೂಕದ ಮಾತು ಬಂದ ಮೇಲೆ ಆಮೆಯಮ್ಮ ವಾದ ಬೆಳೆಸಲಿಲ್ಲ, ಹೋಗಿ ಕೂತಳು. ಅಂಚು ಕುಸಿಯಿತು. ಕಲ್ಲು, ಅತಿಥಿ, ಯಜಮಾನ, ಎಲ್ಲರೂ ಒಟ್ಟಿಗೇ ಒಣಗಿದ ಕಾಲುವೆಯ ತಳಕ್ಕಿಳಿದರು.

"ಸಂಜೆ ನನ್ನ ಮರಿಗಳು ಇದರ ಮೇಲೆ ಆಡಬೇಕಿತ್ತು," ಎಂದ ಹೆಗ್ಗಣಪ್ಪ, ಮಣ್ಣು ಉಗುಳುತ್ತ.

"ಸದ್ಯ, ಮೊದಲು ನಾನು ಕೂತೆ. ಕಲ್ಲನ್ನು ನನ್ನ ಬೆನ್ನ ಮೇಲಕ್ಕೆ ನೂಕು."

ಏದುಸಿರು ಬಿಡುತ್ತ ಏರಿ ಹತ್ತಿ, ಅಂಚಿನಿಂದ ಬಹಳ ಹಿಂದೆ, ಎಮ್ಮೆಯ ಪಕ್ಕದಲ್ಲಿ ಕಲ್ಲನ್ನು ಇಳಿಸಿದಳು.

"ಇಲ್ಲಿ ಕೂತರೆ ನಾನು ಯಾರಿಗೂ ಕಾಣುವುದಿಲ್ಲವಲ್ಲ, ಅಕ್ಕ."

"ಕಾಣಬೇಕೆನಿಸಿದಾಗ ಅಂಚಿನವರೆಗೆ ನಡೆದುಹೋಗಿ ನಿಲ್ಲು, ಮಾರಾಯ," ಎನ್ನುತ್ತ ಆಮೆಯಮ್ಮ ಕಲ್ಲು ಹತ್ತಿ, ಮೊದಲ ಅತಿಥಿಯಾಗಿ ಇನ್ನೊಮ್ಮೆ ಕೂತು, ಋಣ ತೀರಿಸಿದಳು. "ಈಗಲಾದರೂ ಹೇಳು, ಕೆರೆಗೆ ಯಾವ ಕಡೆ?"