ತೆಂಗಿನಕಾಯಿಯೂ ಅಗ್ಗದ ರಿವಾಲ್ವರೂ

ಕೊಡಗಿನಲ್ಲಿ ಆಯುಧ ಪೂಜಿಸುವ ಕೈಲ್ ಮುಹೂರ್ತದ ದಿನ, ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದು ವಾಡಿಕೆ. ಆ ಸಲ ಬೋಪಯ್ಯನವರು ಮೋಜಿಗೆಂದು ಅಗ್ಗಕ್ಕೆ ಕೊಂಡಿದ್ದ ರಿವಾಲ್ವರಿನ ಸರದಿ ಬಂತು. ಗುಂಡುಗಳೆಲ್ಲ ಕೊಂಬೆಗೇ ಬಿದ್ದವು.

"ಎಲೈ ಕಾಯಿಯೇ, ಅಲುಗಾಡಬೇಡ!" ಎಂದು ರಿವಾಲ್ವರು ಗದರಿತು.

"ಅಯ್ಯಾ ಮಹಾರಾಯ, ಬೆಳಗಿನಿಂದ ನೇತಾಡಿ ನನ್ನ ಜುಟ್ಟೇ ಕಿತ್ತುಬರುತ್ತಿದೆ. ಅಲುಗಾಡುತ್ತಿರುವುದು ನಿನ್ನ ನಳಿಗೆ!"

"ತಪ್ಪು ಗಾಳಿಯದು," ಎಂದು ರಿವಾಲ್ವರು ಮತ್ತೆ ಕೊಂಬೆಗೇ ಹೊಡೆಯಿತು.

ಕಾಯಿಗೆ ಸಾಕುಸಾಕಾಯಿತು. ಮೈ ಒದರಿ ಗಂಟು ಬಿಡಿಸಿಕೊಂಡು, ತಾನೇ ಬಂಡೆಯ ಮೇಲೆ ಬಿದ್ದು ಒಡೆದುಕೊಂಡಿತು. ಜನ ಕೇಕೆ ಹಾಕಿ ರಿವಾಲ್ವರಿಗೆ ಹಾರ ತೊಡಿಸಿದರು.

"ನೋಡಿದಿರಾ ನನ್ನ ಗುರಿಯನ್ನು!" ಎಂದಿತು ಅದು.

ಮರವೇರಲು ಕಾದಿದ್ದ ಮುಂದಿನ ಕಾಯಿ ಹಗ್ಗದ ಕಿವಿಯಲ್ಲಿ ಹೇಳಿತು: "ಅಣ್ಣಾ, ಗಂಟು ಸಡಿಲವಿರಲಿ. ಮಧ್ಯಾಹ್ನದೊಳಗೆ ನಾನು ಚಟ್ನಿಯಾಗಬೇಕು."