ಬೀಸುಕಲ್ಲು ಮತ್ತು ನಿಂತ ಕಾರು

ಗುರುಶಾಂತಪ್ಪನವರ ಶೆಡ್ಡಿನಲ್ಲಿ ಹಳೆಯ ಬೀಸುಕಲ್ಲಿನ ಪಕ್ಕಕ್ಕೇ ಹೊಸ ಕಾರು ನಿಂತಿತ್ತು. ದಿನಾ ಬೆಳಿಗ್ಗೆ ಕೇರಿಗೆಲ್ಲ ಕೇಳಲೆಂದು ಅವರು ನಿಂತ ಕಾರಿನ ಆಕ್ಸಿಲರೇಟರ್ ಒತ್ತುತ್ತಿದ್ದರು. ಕಾರು ಗರ್ಜಿಸುತ್ತಿತ್ತು, ಚಕ್ರ ಮಾತ್ರ ಕದಲುತ್ತಿರಲಿಲ್ಲ. ಬೀಸುಕಲ್ಲು ಕಿವಿಗೊಟ್ಟು ಕೇಳಿತು. ಆ ಸದ್ದಿನಲ್ಲಿ ಕಾಳಿನ ಸದ್ದಿರಲಿಲ್ಲ.

“ಇಷ್ಟು ಹೊತ್ತು ಏನು ಬೀಸಿದೆ, ಮಗಾ?”

“ಏನೂ ಇಲ್ಲ ಅಜ್ಜಿ, ಸುಮ್ಮನೆ.”

“ಕಾಳು ಹಾಕದೆ ಬೀಸಿದರೆ ಕಲ್ಲೇ ಹಿಟ್ಟಾಗುತ್ತದೆ.”

“ನೀನು ಕಲ್ಲು, ನಾನು ಕಬ್ಬಿಣ” ಎಂದು ಕಾರು ಇನ್ನೊಮ್ಮೆ ಗುಡುಗಿತು.

ವರ್ಷ ತುಂಬುವಷ್ಟರಲ್ಲಿ ಕಾರಿಗೆ ಕೆಮ್ಮು ಹತ್ತಿತು. ಮೆಕ್ಯಾನಿಕ್ ಬಂದು ಎಂಜಿನ್ನಿನ ಎಣ್ಣೆಯನ್ನು ಬಾಂಡ್ಲಿಗೆ ಇಳಿಸಿದ. ಎಣ್ಣೆಯಲ್ಲಿ ಕಬ್ಬಿಣದ ಪುಡಿ ಮಿನುಗುತ್ತಿತ್ತು.

ಬೀಸುಕಲ್ಲು ಇಣುಕಿ ನೋಡಿತು.

“ಹಿಟ್ಟು ನುಣ್ಣಗಿದೆ” ಎಂದಿತು.